ಒಂಬತ್ತನೇ ನಂಬರಿನ ದೋಣಿ ಕಟ್ಟಿದವರು

ನನಗೆ ಈಜು ಬರುವುದಿಲ್ಲ. ಹಾಯಿದೋಣಿಗಳ ಚರಿತ್ರೆ ಬರೆಯುವ ಕೆಲಸ ಒಪ್ಪಿಕೊಂಡಾಗ ಇದನ್ನು ನಾನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಊರಾಚೆಯ ಒಂದು ಜಲಾಶಯದಲ್ಲಿ ವಾರಾಂತ್ಯಕ್ಕೆ ದೋಣಿ ಬಿಡುವ ಸಣ್ಣ ಕ್ಲಬ್ಬು ಅದು. ಅದರ ಸೆಕ್ರೆಟರಿ ಮೇಡಂ ಜೆ.ಪಿ. ನಗರದ ತಮ್ಮ ಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಕೆಲಸ ವಿವರಿಸಿದರು. ಈಗಿನ ದೋಣಿಗಳೆಲ್ಲ ಫೈಬರ್. ಹಳೆಯ ಮರದ ರೇಸಿಂಗ್ ಡಿಂಗಿಗಳು ಒಂದೊಂದಾಗಿ ಸಾಯುತ್ತಿವೆ, ಪೂರ್ತಿ ಸಾಯುವ ಮೊದಲು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಆಗಬೇಕು. ಹೊರಡುವಾಗ ನಾನು ಅವರದೇ ದನಿಯಲ್ಲಿ ಅವರ ನಾಯಿಗೆ ಬೈದೆ. ನಾಯಿ ಬಾಲ ಮುದುರಿಕೊಂಡು ಸೋಫಾ ಇಳಿಯಿತು. ಮೇಡಂ ನಕ್ಕರು. ಕೆಲಸ ನನಗೆ ಸಿಕ್ಕಿದ್ದು ಅದರಿಂದಲೇ ಎಂದು ನನ್ನ ಅನುಮಾನ.

ಡಿಂಗಿ ಎಂದರೆ ಇಬ್ಬರು ಕೂರುವ, ಎರಡಾಳುದ್ದದ ಹಾಯಿದೋಣಿ. ಒಂದು ಕ್ಲಾಸಿನ ದೋಣಿಗಳೆಲ್ಲ ಒಂದೇ ನಕ್ಷೆ, ಒಂದೇ ತೂಕ. ಹಾಗಾಗಿ ಗೆದ್ದರೆ ಓಡಿಸಿದವನ ಜಾಣತನ, ಸೋತರೆ ಗಾಳಿಯ ತಪ್ಪು. ನಾನು ದೋಣಿಗೊಂದರಂತೆ ಪುಟ ಮಾಡಿಕೊಂಡೆ. ನಂಬರು, ಮರ, ಕಟ್ಟಿದವರು, ಓಡಿಸಿದವರು, ಸತ್ತದ್ದು ಹೇಗೆ. ಮೂರನೇ ನಂಬರಿಗೆ ಗೆದ್ದಲು. ಐದನೆಯದನ್ನು ಅರ್ಧಕ್ಕೆ ಕೊಯ್ದು ಮದುವೆಮನೆಗಳಲ್ಲಿ ಐಸ್‌ಕ್ರೀಮ್ ಇಡುವ ಮೇಜು ಮಾಡಿದ್ದರು. ಆರನೆಯದರ ಅಳತೆಪತ್ರ ಸಿಕ್ಕಿತು, ದೋಣಿ ಸಿಗಲಿಲ್ಲ. ಏಳನೆಯದು ಸಿಕ್ಕಿತು, ಅದರೊಳಗೆ ಯಾರೋ ಕರಿಬೇವು ಬೆಳೆದಿದ್ದರು.

ಪುಸ್ತಕದ ಮದುಮಗ ಮಾತ್ರ ಒಂಬತ್ತನೇ ನಂಬರು. ಕ್ಲಬ್ಬಿನಲ್ಲಿ ಬಹುಮಾನದ ಒಂದು ವಿಶೇಷ ಕಪ್ಪಿತ್ತು. ಸ್ವಂತ ಕೈಯಿಂದ ಕಟ್ಟಿದ ದೋಣಿಯಲ್ಲಿ ಗೆದ್ದವರಿಗೆ ಮಾತ್ರ ಅದು. ಒಂಬತ್ತನೇ ನಂಬರು ಅದನ್ನು ಸತತ ಮೂರು ವರ್ಷ ಗೆದ್ದಿತು, ಕಪ್ಪು ಖಾಯಮ್ಮಾಗಿ ದೋಣಿಯ ಯಜಮಾನರ ಮನೆ ಸೇರಿತು. ಅವರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಸೈನ್ಯದವರಲ್ಲ. ಕ್ಲಬ್ಬಿನಲ್ಲಿ ಒಂದು ಕಾಲಕ್ಕೆ ಆ ಹುದ್ದೆಯಿತ್ತು. ಹುದ್ದೆ ಹೋಯಿತು, ಎದೆ ಉಬ್ಬಿಸುವುದು ಉಳಿಯಿತು.

ಜಯನಗರದ ಅವರ ಮನೆಗೆ ನಾನು ಆರು ಸಲ ಹೋದೆ. ಪ್ರತಿ ಸಲವೂ ಅವರ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡೆ. ಮಾತು ಶುರುಮಾಡುವ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಬೀಗ ಹಾಕಿದ ಗೇಟನ್ನು ಅಲ್ಲಾಡಿಸಿದ ಹಾಗೆ. ಆಮೇಲೆ “ಯೂ ಸೀ”. ಕೊನೆಗೆ “ಮ್ಯಾನ್”. ಮಧ್ಯೆ ಸಿಕ್ಕಷ್ಟು ಕನ್ನಡ.

“ಯೂ ಸೀ, ಇದೇ ಶೆಡ್ಡಲ್ಲಿ ಕಟ್ಟಿದ್ದು. ಆರು ತಿಂಗಳು ಮ್ಯಾನ್. ಅಕ್ಕಪಕ್ಕದೋರೆಲ್ಲ ಕಂಪ್ಲೇಂಟು, ನೆಲದ ತುಂಬ ಮರದ ಪುಡಿ.”

“ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ ಸಾರ್,” ಎಂದೆ. ಅದು ಸುಳ್ಳು.

“ಮಾತಾಡ್ತೀನಿ, ಓದಕ್ಕೆ ಬರಲ್ಲ. ಒಂದಕ್ಷರ, ಒಂದಂಕಿ ಬರಲ್ಲ. ಆಗೆಲ್ಲ ಬಸ್ಸಿನ ಬೋರ್ಡಿಗೆ ಕನ್ನಡ ನಂಬರ್ ಹಾಕ್ತಿದ್ರು. ಯಾವ ಬಸ್ಸು ಎಲ್ಲಿಗೆ ಹೋಗುತ್ತೆ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಕಾರ್ ತಗೊಂಡೆ ಮ್ಯಾನ್.”

ತಮ್ಮ ಜೋಕಿಗೆ ತಾವೇ ನಕ್ಕರು. ನಾನೂ ನಕ್ಕೆ, ಅವರ ನಗೆಯನ್ನೇ. ಅವರಿಗೆ ಗೊತ್ತಾಗಲಿಲ್ಲ.

ದೋಣಿ ಅದೇ ಶೆಡ್ಡಿನಲ್ಲಿ ಟಾರ್ಪಾಲಿನಡಿ ಕವುಚಿ ಬಿದ್ದಿತ್ತು. ಯಾವುದೇ ದೋಣಿಯ ಹಿಂಬದಿ ಹಲಗೆಯ ಒಳಗೆ ಕಟ್ಟಿದವರ ಹೆಸರಿನ ತಗಡು ಇರಬೇಕು. ಇದರಲ್ಲಿ ತಗಡಿರಲಿಲ್ಲ, ತಗಡಿಗೆಂದು ಕೊರೆದ ನಾಲ್ಕು ತೂತುಗಳಿದ್ದವು. ನಾನು ಟಾರ್ಚು ಕಚ್ಚಿಕೊಂಡು ಅಂಗಾತ ಒಳಗೆ ತೆವಳಿದೆ. ಮುಂಬದಿಯ ಸಂದಿಯಲ್ಲಿ, ಬಣ್ಣದ ಕುಂಚ ಹೋಗದ ಜಾಗದಲ್ಲಿ, ಅಡ್ಡಪಟ್ಟಿಗಳ ಮೇಲೆ ಪೆನ್ಸಿಲ್ಲಿನ ಗುರುತುಗಳಿದ್ದವು. ೧. ೨. ೩. ಎಡಕ್ಕೊಂದು ಗೀಟು, ಬಲಕ್ಕೆರಡು. ಯಾವ ಪಟ್ಟಿ ಎಲ್ಲಿಗೆ ಎಂದು ಬಡಗಿ ಬರೆದುಕೊಳ್ಳುವ ರೀತಿ ಅದು. ಒಂದಂಕಿ ಬರದ ಮನುಷ್ಯ ಏಳರವರೆಗೆ ಬರೆದಿದ್ದ.

ಇಷ್ಟೇ ಸಾಕಿತ್ತು. ಅಂಕಿಗಳ ಫೋಟೋ ತೆಗೆದು, ಕ್ಯಾಪ್ಟನ್ನರ ಬಸ್ಸಿನ ಜೋಕನ್ನು ಪಕ್ಕದಲ್ಲಿಟ್ಟಿದ್ದರೆ ಚರಿತ್ರೆಕಾರನ ಕೆಲಸ ಮುಗಿಯುತ್ತಿತ್ತು. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ನನ್ನಂಥ ಮಿಮಿಕ್ರಿಯವನಿಗೆ ಮರ ಸಾಕ್ಷಿ ಹೇಳಿದರೆ ತೃಪ್ತಿಯಿಲ್ಲ, ಅವನಿಗೊಂದು ದನಿ ಬೇಕು.

ಕನಕಪುರ ರಸ್ತೆಯ ಮರದ ಡಿಪೋಗಳಲ್ಲಿ ಫೋಟೋ ತೋರಿಸುತ್ತ ಹೋದೆ. ನಾಲ್ಕನೆಯದರಲ್ಲಿ ಗಲ್ಲಾದ ಮೇಲೆ ಕೂತಿದ್ದ ಮುದುಕರು ಫೋಟೋ ನೋಡಲೂ ಇಲ್ಲ. “ದೋಣೀನಾ? ಕೋಣನಕುಂಟೆಗ್ ಹೋಗಿ. ದೋಣಿ ಆಚಾರ್ರ ಮನೆ ಅಂತ ಕೇಳಿ,” ಎಂದರು.

ದೋಣಿ ಆಚಾರ್ರ ಮನೆ ಈಗ ಮೂರಂತಸ್ತು. ಕೆಳಗೆ ಮಗನ ಪ್ಲೈವುಡ್ ಅಂಗಡಿ, ಮಧ್ಯದಲ್ಲಿ ಬಾಡಿಗೆಯವರು, ಮೇಲೆ ಇವರು. ಮಗನಿಗೆ ನಲವತ್ತೈದು ದಾಟಿರಬೇಕು. “ದೋಣಿ ಅಂತ ಯಾಕಂತಾರೋ ನಂಗೂ ಗೊತ್ತಿಲ್ಲ ಸಾರ್,” ಎಂದ. “ಈ ಊರಲ್ಲಿ ಎಲ್ರಿಗೂ ಒಂದೊಂದ್ ಅಡ್ಡಹೆಸ್ರು. ಪಕ್ಕದ ಮನೆಯೋರು ಟಗರು.”

ಆಚಾರಿ ಅಂಗಡಿಯಲ್ಲೇ ಇದ್ದರು, ಲ್ಯಾಂಡ್‌ಲೈನ್ ಫೋನಿನ ಪಕ್ಕದ ಕುರ್ಚಿಯಲ್ಲಿ. ಎಂಬತ್ತರ ಆಚೆಯ ವಯಸ್ಸು, ಕಣ್ಣು ಮಂಜು, ಕೈ ಮಾತ್ರ ಇನ್ನೂ ಅಳತೆಪಟ್ಟಿಯ ಹಾಗೆ ನೇರ. ಮಗ ಸೈಟುಗಳಿಗೆ ಹೋದಾಗ ಫೋನೆತ್ತುವುದು ಅವರ ಕೆಲಸ, ಅದರ ಮೇಲೆ ಅವರಿಗೆ ಬಹಳ ಅಭಿಮಾನ. ಫೋಟೋವನ್ನು ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

“ನಂದಲ್ಲ,” ಎಂದರು.

“ಅಂಕಿ ನಿಮ್ಮದಲ್ವಾ?”

“ಆ ಸಾರ್ ಹೇಳ್ದಿದ್ರೆ ನಾನೇನೂ ಹೇಳಂಗಿಲ್ಲ. ಅವ್ರಿಗೆ ಮಾತು ಕೊಟ್ಟಿದೀನಿ.” ಫೋಟೋ ಹಿಂದಿರುಗಿಸಿದರು. “ಕಾಫಿ ಕುಡ್ದು ಹೋಗಿ.”

ಮೂರು ಸಲ ಹೋದೆ. ಮೂರು ಲೋಟ ಕಾಫಿ ಕುಡಿದೆ. ಕ್ಯಾಪ್ಟನ್ನರನ್ನು ನೇರವಾಗಿ ಕೇಳಿದ್ದಕ್ಕೆ ಅವರು “ಯಾವ ಕಾರ್ಪೆಂಟರ್ ಮ್ಯಾನ್?” ಎಂದರು. ಮೇಡಂ ಅಧ್ಯಾಯ ಕೊಡು ಎನ್ನುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ ಫೋನ್ ನಂಬರಿತ್ತು. ಯಾರು ಕರೆಯುತ್ತಿದ್ದಾರೆಂದು ತೋರಿಸದ ಹಳೆಯ ಫೋನು.

ನಾನು ತಯಾರಿ ಮಾಡಿದ ರೀತಿಯನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಆಗ ನನಗೆ ಹೆಮ್ಮೆಯಿತ್ತು. ಆರು ಸಂದರ್ಶನಗಳಿಂದ ಕ್ಯಾಪ್ಟನ್ನರು ಕೆಲಸದವರೊಂದಿಗೆ ಆಡಿದ ಮಾತುಗಳನ್ನಷ್ಟೇ ಆರಿಸಿಕೊಂಡೆ. ತೋಟದವನಿಗೆ, ಡ್ರೈವರಿಗೆ, ಅಡಿಗೆಯವಳಿಗೆ. ನಮ್ಮ ಜೊತೆ ಮಾತಾಡುವಾಗ ದನಿ ಮೂಗಿನಲ್ಲಿರುತ್ತದೆ, ಅವರ ಜೊತೆ ಎದೆಗಿಳಿಯುತ್ತದೆ. ವಯಸ್ಸಾದ ಹಲ್ಲುಗಳ ಸಂದಿಯ ಗಾಳಿಗೆ ಕೆನ್ನೆಯೊಳಗೆ ಒಂದು ತುಂಡು ಅಡಿಕೆ. ದೂರದ ಕರೆಯ ಗುಂಯ್‌ಗುಡುವಿಕೆಗೆ ಬಾಯಿಯ ಹತ್ತಿರ ಸ್ಟೀಲ್ ಲೋಟ. ಬಿ.ಟಿ.ಎಂ.ನ ನಮ್ಮ ರೂಮಿನಲ್ಲಿ, ಬೆಳಗಿನ ಹನ್ನೊಂದಕ್ಕೆ, ಗದಗಿನ ನನ್ನ ರೂಮ್‌ಮೇಟು ಬಟ್ಟೆ ಇಸ್ತ್ರಿ ಮಾಡುತ್ತ ಇದನ್ನೆಲ್ಲ ನೋಡುತ್ತಿದ್ದ.

“ಬ್ಯಾಡೋ ಮಾರಾಯ,” ಎಂದ. “ಮುದುಕರ ಜೋಡಿ ಇಂಥಾ ಆಟ ಆಡಬ್ಯಾಡ.”

“ಎರಡು ನಿಮಿಷ ಮಗಾ. ಅವರಿಗೆ ಖುಷಿಯಾಗುತ್ತೆ, ನಮಗೆ ಅಧ್ಯಾಯ ಆಗುತ್ತೆ.”

ಫೋನು ನಾಲ್ಕು ಸಲ ರಿಂಗಾಯಿತು. “ಪ್ಲೈವುಡ್ ಅಂಗಡಿ,” ಎಂದರು ಆಚಾರಿ.

ಗಂಟಲು ಎರಡು ಸಲ ಸರಿಮಾಡಿಕೊಂಡೆ. “ಏ ಆಚಾರಿ. ಯಾರು ಗೊತ್ತಾಯ್ತಾ?”

ಆ ಕಡೆ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು ಬಂತು. ಅವರು ಎದ್ದು ನಿಂತಿದ್ದರು.

“ಸಾರ್.”

“ಕೂತ್ಕೊಂಡೇ ಮಾತಾಡು ಮ್ಯಾನ್.”

“ಪರ್ವಾಗಿಲ್ಲ ಸಾರ್.”

“ಬುಕ್ ಬರಿಯೋ ಹುಡುಗ ಬಂದಿದ್ನಾ?”

“ಬಂದಿದ್ದ ಸಾರ್. ಒಂದ್ ಮಾತೂ ಆಡಿಲ್ಲ ನಾನು.”

“ಯೂ ಸೀ, ನಂಗೂ ವಯಸ್ಸಾಯ್ತು, ನಿಂಗೂ ಆಯ್ತು. ಇನ್ನೇನು ಮುಚ್ಚಿಡೋದು? ಹೇಳ್ಬಿಡು ಅವನಿಗೆ.”

“ಹೇಳ್ಲಾ ಸಾರ್?”

“ಹೇಳು.”

ಕೆಲಸ ಅಲ್ಲಿಗೆ ಮುಗಿದಿತ್ತು. ಒಳ್ಳೆಯ ಮಿಮಿಕ್ರಿಯವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ. ನಾನು ಕೊನೆಗೊಂದು ಸಾಲು ಸೇರಿಸಿದೆ. ದನಿ ಅಷ್ಟು ಚೆನ್ನಾಗಿ ಕೂತಿತ್ತು, ಬಿಡಲು ಮನಸ್ಸಾಗಲಿಲ್ಲ.

“ಚೆನ್ನಾಗ್ ಮಾಡಿದ್ದೆ ಆಚಾರಿ ಆ ದೋಣೀನ. ನಿನ್ನಂಥ ಕೆಲಸಗಾರ ಸಿಗಲ್ಲ.”

ಆ ಕಡೆ ಬರೀ ಉಸಿರು ಕೇಳಿಸಿತು, ನನಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ “ಆಯ್ತು ಸಾರ್” ಎಂದು ಇಟ್ಟರು. ನಾನು ಅಡಿಕೆ ಉಗಿದು ಚಪ್ಪಾಳೆಗಾಗಿ ತಿರುಗಿದೆ. ರೂಮ್‌ಮೇಟು ಇಸ್ತ್ರಿಪೆಟ್ಟಿಗೆಯ ವೈರು ಸುತ್ತುತ್ತಿದ್ದ.

ಮರುದಿನ ಆಚಾರಿ ಇಸ್ತ್ರಿಯ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಎರಡು ದಿನ ಹೇಳಿದರು. ನಾನು ಕೇಳಿದ ಅತ್ಯುತ್ತಮ ಎರಡು ದಿನಗಳು ಅವು.

ಕ್ಯಾಪ್ಟನ್ನರು ತಂದುಕೊಟ್ಟ ನಕ್ಷೆ ಇಂಗ್ಲಿಷಿನಲ್ಲಿತ್ತು. ಇವರಿಗೆ ಓದಲು ಬರುತ್ತಿರಲಿಲ್ಲ. ದಾರವನ್ನು ನಕ್ಷೆಯ ಮೇಲಿಟ್ಟು, ಅಳತೆಗೊಂದು ಗಂಟು ಹಾಕಿ, ಗಂಟುಗಳ ನಡುವಿನ ಅಂತರವನ್ನು ಹಿಗ್ಗಿಸಿ ಅಂಗುಲಕ್ಕಿಳಿಸಿದರು. ದನದ ಕೊಟ್ಟಿಗೆಯಲ್ಲಿ ಕೆಲಸ. ದಪ್ಪ ಪ್ಲೈ ಹಾಳೆ ದೋಣಿಯ ಮೂತಿಯ ಹತ್ತಿರ ಬಗ್ಗದೆ ಎರಡು ಸಲ ಸೀಳಿತು. ಕೊನೆಗೆ ಗೋಣಿಚೀಲ ಹೊದಿಸಿ, ಬಚ್ಚಲ ಹಂಡೆಯ ಕುದಿನೀರು ಸುರಿದು, ಒಂದು ಗಂಟೆಗೆ ಒಂದು ಬೆರಳಿನಷ್ಟು ಬಗ್ಗಿಸಿದರು. “ಹದಿನೈದು ದಿವ್ಸ ಮನೇಲಿ ಯಾರೂ ಸ್ನಾನ ಮಾಡ್ಲಿಲ್ಲ. ನಮ್ಮೋಳು ಆ ದೋಣಿ ಮೇಲೇ ನೀರ್ ಹಾಕ್ಕೊಳ್ಳಿ ಅಂತಿದ್ಲು.” ಎಡಮಗ್ಗುಲು ಬಲಕ್ಕಿಂತ ಅರ್ಧ ಅಂಗುಲ ಉಬ್ಬಿತು. ಕ್ಯಾಪ್ಟನ್ನರಿಗೆ ಗೊತ್ತಾಗುತ್ತಿರಲಿಲ್ಲ. ಇವರು ಕಳಚಿ ಮತ್ತೆ ಕಟ್ಟಿದರು.

“ಲಾರೀಲಿ ರಾಗಿಹುಲ್ಲು ಮುಚ್ಚಿ ತಗೊಂಡ್ ಹೋದ್ರು. ಎರಡು ಮೂಟೆ ಮರದ ಪುಡೀನೂ ಕೇಳಿ ಇಸ್ಕೊಂಡ್ರು.”

“ಪುಡಿ ಯಾಕೆ?”

“ಅವ್ರ ಶೆಡ್ಡಲ್ಲಿ ಹರಡಕ್ಕೆ.”

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ.

“ನೀರಲ್ಲಿ ನೋಡಿದ್ರಾ ದೋಣಿನ?”

“ಇಲ್ಲ. ಹೋಗಿದ್ರೆ ಯಾರಾದ್ರೂ ಕೇಳೋರು, ನೀನ್ಯಾರು ಅಂತ.” ಆಮೇಲೆ, ಮಗನಿಗೆ ಕೇಳಿಸುವಷ್ಟು ಜೋರಾಗಿ, “ಮೊನ್ನೆ ಸಾರೇ ಫೋನ್ ಮಾಡಿದ್ರು,” ಎಂದರು. ಹೋದಾಗಲೆಲ್ಲ ಇದನ್ನು ಒಮ್ಮೆಯಾದರೂ ಹೇಳುತ್ತಿದ್ದರು.

ಅಧ್ಯಾಯ ಬರೆದೆ. ಮೇಡಂ ಮರ್ಯಾದೆಗೆಂದು ಕರಡನ್ನು ಕ್ಯಾಪ್ಟನ್ನರಿಗೆ ಕಳಿಸಿದರು. ಮಾರನೆಯ ಬೆಳಿಗ್ಗೆ ಕ್ಯಾಪ್ಟನ್ನರ ಕಾರು ನನ್ನ ರೂಮಿನ ಮುಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮೇಡಂ ಕೂತಿದ್ದರು, ಮುಖ ಕಿಟಕಿಯ ಕಡೆಗೆ. “ಕಾರ್ ಹತ್ತು,” ಎಂದರು ಕ್ಯಾಪ್ಟನ್. ಕೋಣನಕುಂಟೆಗೆ ದಾರಿ ಅವರು ಯಾರನ್ನೂ ಕೇಳಲಿಲ್ಲ.

ಆಚಾರಿ ದನಿ ಕೇಳಿಯೇ ಎದ್ದು ನಿಂತರು. ಮುಖ ಅರಳಿತು. “ಬಂದ್ರಾ ಸಾರ್. ಫೋನಲ್ಲಿ ಬರ್ತೀನಿ ಅನ್ಲೇ ಇಲ್ಲ.”

“ಯಾವ ಫೋನು?”

“ನೀವ್ ಮಾಡಿದ್ರಲ್ಲ ಸಾರ್. ಹೇಳ್ಬಿಡು ಅಂದ್ರಲ್ಲ.”

“ನಾನಾ? ನಿನ್ ನಂಬರೇ ಇಲ್ಲ ನನ್ ಹತ್ರ. ನೀನು ಬದುಕಿದೀಯ ಅಂತ್ಲೇ ಗೊತ್ತಿರ್ಲಿಲ್ಲ ಮ್ಯಾನ್.”

ಆಚಾರಿ ಮಗನ ಕಡೆ ತಿರುಗಿದರು. “ನಿಂಗ್ ಹೇಳಿದ್ನಲ್ಲೋ. ಊಟಕ್ ಕೂತಾಗ.”

“ಹೇಳಿದ್ರಿ,” ಎಂದ ಮಗ, ಮೆಲ್ಲಗೆ. “ನಾನು ಯಾವ್ದೋ ಹಳೇ ಕತೆ ಅನ್ಕೊಂಡೆ ಅಪ್ಪಾ.”

ಆಗ ಕ್ಯಾಪ್ಟನ್ನರ ಸಿಟ್ಟು ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಕನಿಕರ, ನಿಜವಾದದ್ದು. ಮಗನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಡಾಕ್ಟರ್‌ಗೆ ತೋರ್ಸಪ್ಪ. ಮರೆವು ಇದು. ನಮ್ ವೈಫ್‌ಗೂ ಹಿಂಗೇ ಶುರುವಾಗಿದ್ದು. ಇಲ್ದೇ ಇರೋರ ದನಿ ಕೇಳ್ಸೋದು.”

ಆಚಾರಿ ನನ್ನನ್ನು ಹುಡುಕಿದರು. ಮಂಜುಗಣ್ಣಿಗೆ ನಾನು ನಿಂತ ಜಾಗ ಸರಿಯಾಗಿ ಸಿಗಲಿಲ್ಲ, ನನ್ನ ಪಕ್ಕದ ಪ್ಲೈ ಹಾಳೆಗಳಿಗೆ ಹೇಳಿದರು: “ನೀವಾದ್ರೂ ಹೇಳಿ ಸಾರ್. ಅವರು ಹೇಳಿದ್ಮೇಲೆ ತಾನೇ ನಾನು ಬಾಯಿಬಿಟ್ಟಿದ್ದು?”

ನನ್ನ ಬಳಿ ಸುಮಾರು ಮೂವತ್ತು ದನಿಗಳಿವೆ. ಅವತ್ತು ಯಾವುದೂ ಹೊರಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲವೂ ತಯಾರಿದ್ದವು. ನಾನು ಬಾಯಿ ತೆರೆಯಲಿಲ್ಲ, ಅಷ್ಟೆ.

ಆಚಾರಿ ಮೇಡಂ ಕಡೆ ತಿರುಗಿದರು. “ದೋಣಿ ನಾನ್ ಕಟ್ಟಿಲ್ಲಮ್ಮ. ಸಾರೇ ಕಟ್ಟಿದ್ದು. ನಾನು ಬರೀ ಮರ ತಂದ್ಕೊಟ್ಟೆ. ಏನೋ ವಯಸ್ಸು, ತಲೆ ನಿಲ್ಲಲ್ಲ.”

ಕೊಟ್ಟ ಮಾತನ್ನು ಅವರು ಹಾಗೆ ಮತ್ತೆ ಜೋಡಿಸಿಟ್ಟರು, ಎಡಮಗ್ಗುಲನ್ನು ಕಳಚಿ ಕಟ್ಟಿದ ಹಾಗೆ. ಕ್ಯಾಪ್ಟನ್ನರು ಬೇಗ ಬೇಗ ಕಾರಿನತ್ತ ನಡೆದರು. ಹೋಗುವ ದಾರಿಯಲ್ಲಿ ಮೇಡಂ ಎಂದರು, “ಆ ಅಧ್ಯಾಯ ತೆಗ್ದುಬಿಡು. ‘ಕಟ್ಟಿದವರು’ ಅನ್ನೋ ಕಡೆ ಕ್ಯಾಪ್ಟನ್ ಹೆಸರು ಹಾಕು.”

ಹಾಕಲಿಲ್ಲ, ತೆಗೆಯಲೂ ಇಲ್ಲ. ಮೂರು ವಾರ ಉಳಿದ ದೋಣಿಗಳ ಕೆಲಸದಲ್ಲಿ ಅಡಗಿಕೊಂಡೆ. ಹತ್ತನೆಯದು, ಹನ್ನೊಂದನೆಯದು, ಕರಿಬೇವಿನ ಏಳನೆಯದು. ಗೆಳೆಯರು ಕ್ಯಾಪ್ಟನ್ನರ ದನಿ ಕೇಳಿದರೆ ಗಂಟಲು ನೋವು ಎನ್ನುತ್ತಿದ್ದೆ. ಪ್ರೆಸ್ಸಿಗೆ ಕೊಡಬೇಕಾದ ಹಿಂದಿನ ದಿನ ಕೋಣನಕುಂಟೆಗೆ ಹೋದೆ. ‘ಕಟ್ಟಿದವರು’ ಎಂಬ ಸಾಲು ತುಂಬುವ ಮೊದಲು ಇನ್ನೊಮ್ಮೆ ಕೇಳಿದೆನೆಂದು ಅನ್ನಿಸಿಕೊಳ್ಳಬೇಕಿತ್ತು.

ಫೋನಿನ ಪಕ್ಕದ ಕುರ್ಚಿಯ ಮೇಲೆ ಫೆವಿಕಾಲ್ ಡಬ್ಬಗಳಿದ್ದವು.

“ಮೇಲಿದಾರೆ,” ಎಂದ ಮಗ. “ಮಾತ್ರೆ ನಡೀತಿದೆ ಸಾರ್, ದಿನವೆಲ್ಲ ನಿದ್ದೆ. ಫೋನ್ ಎತ್ತಕ್ಕೆ ಬಿಡ್ತಿಲ್ಲ. ಯಾರ್ಯಾರದೋ ದನಿ ಕೇಳುತ್ತೆ ಅಂತ ಡಾಕ್ಟರ್‌ಗೆ ಹೇಳಿದ್ವಿ.”

ಅವನಿಗೆ ಹೇಳಿಬಿಟ್ಟೆ. ಅಡಿಕೆ, ಲೋಟ, ಎಲ್ಲ. ಅವನು ಹೊಡೆಯುತ್ತಾನೆಂದು ಕಾದೆ. ಅವನು ಎರಡು ಪ್ಲೈ ಹಾಳೆಗಳನ್ನೆತ್ತಿ ಇನ್ನೊಂದು ಗೋಡೆಗೆ ಒರಗಿಸಿ ಬಂದ. ಬಹುವಚನ ಅಲ್ಲೇ ಎಲ್ಲೋ ಬಿದ್ದುಹೋಗಿತ್ತು.

“ಮೇಲ್ ಹೋಗಿ ಅವ್ರಿಗ್ ಹೇಳು,” ಎಂದ.

ಪುಸ್ತಕಕ್ಕೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯ ಮೆಟ್ಟಿಲ ಬುಡದಿಂದಲೇ ಮೇಡಂಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ, ಕ್ಯಾಪ್ಟನ್ನರಿಗೂ ತಿಳಿಸಿ ಎಂದೆ. “ಇನ್ಮೇಲೆ ನಮ್ಮನೇಲಿ ಯಾರ ದನೀನೂ ಮಾಡ್ಬೇಡ,” ಎಂದರು ಅವರು, “ನಾಯೀದೂ ಸೇರಿ.” ಒಂಬತ್ತನೇ ನಂಬರಿನ ಪುಟದಲ್ಲಿ ಈಗ ಹೀಗಿದೆ: ಕಟ್ಟಿದವರು, ದಾಖಲೆಯಿಲ್ಲ. ಒಳಗಿನ ಅಡ್ಡಪಟ್ಟಿಗಳ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಅಂಕಿಗಳಿವೆ. ಎದುರು ಪುಟದಲ್ಲಿ ಕ್ಯಾಪ್ಟನ್ನರ ಬಸ್ಸಿನ ಜೋಕು ಅವರದೇ ಮಾತಿನಲ್ಲಿದೆ. ಅದನ್ನು ಅವರೇ ಓದಿ ಒಪ್ಪಿಗೆ ಕೊಟ್ಟರು, ತುಂಬ ಚೆನ್ನಾಗಿ ಬಂದಿದೆ ಎಂದರಂತೆ. ಯಾರ ಮಾತೂ ಮುರಿದಿಲ್ಲ. ಮರ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಮೇಲೆ ಆಚಾರಿ ಬನಿಯನ್ನಿನಲ್ಲಿ ಮಂಚದ ಮೇಲೆ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಅವರು ಮಧ್ಯೆ ಬಾಯಿಹಾಕಲಿಲ್ಲ. ಮುಗಿದ ಮೇಲೆ, “ಎಲ್ಲಿ, ಮಾಡಿ ನೋಡಣ,” ಎಂದರು.

“ಬೇಡ ಸಾರ್.”

“ಮಾಡಿ.”

ಗಂಟಲು ಎರಡು ಸಲ ಸರಿಮಾಡಿಕೊಂಡೆ. “ಏ ಆಚಾರಿ.” ಅವರ ಕಾಲುಗಳು ತಾವಾಗಿಯೇ ನೆಲ ಹುಡುಕಿದವು, ಏಳಲೆಂದು. ಆಮೇಲೆ ತಡೆದುಕೊಂಡು ಕೂತರು. “ಪೂರ್ತಿ ಮಾಡಿ,” ಎಂದರು. ಪೂರ್ತಿ ಮಾಡಿದೆ, ಕೊನೆಯ ಸಾಲಿನವರೆಗೆ. ಕಣ್ಣು ಮುಚ್ಚಿಕೊಂಡು ಕೇಳಿದರು, ಹಲಗೆಯ ಮೇಲೆ ಅಂಗೈ ಆಡಿಸಿ ಉಬ್ಬುತಗ್ಗು ನೋಡುವವರ ಹಾಗೆ.

“ದನಿ ಸರಿಯಾಗಿದೆ,” ಎಂದರು. “ಮಾತು ತಪ್ಪು. ದೋಣಿ ಒಪ್ಸಿದ್ ದಿವ್ಸ ಅವ್ರು ಸುತ್ತ ಒಂದ್ಸಲ ಕೈಯಾಡ್ಸಿ, ಇಲ್ಲಿ ಬಣ್ಣ ದಪ್ಪ ಆಯ್ತು ಅಂದ್ರು. ಅಷ್ಟೇ ಅಂದಿದ್ದು. ಚೆನ್ನಾಗ್ ಮಾಡಿದ್ದೆ ಅಂತ ನೀವ್ ಅಂದ್ರಲ್ಲ, ಅಲ್ಲೇ ನಂಗ್ ಗೊತ್ತಾಗ್ಬೇಕಿತ್ತು.”

ದಿಂಬಿನಡಿಯಿಂದ ಮಾತ್ರೆಯ ಪಟ್ಟಿ ತೆಗೆದು ನನ್ನ ಕೈಯಲ್ಲಿಟ್ಟರು.

“ಹೋಗ್ತಾ ಇದನ್ನ ಮಗನಿಗೆ ಕೊಟ್ಬಿಡಿ. ನಂಗೇನೂ ಮರ್ತಿಲ್ಲ.”